ಎರಡು ಕುಸ್ತಿ ಕಂಪನಿಗಳು, ಒಬ್ಬ ನಂಜೇಗೌಡ ಮತ್ತು ನನ್ನ ಹೊಟ್ಟೆಕಿಚ್ಚು

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನನ್ನ ಹೆಂಡತಿ ಸುಶೀಲ ಹೇಳುವುದನ್ನು ನಾನು ಒಪ್ಪುವುದಿಲ್ಲ. ಇರುವುದು ಸ್ವಲ್ಪವೇ, ಆದರೆ ಅಷ್ಟೂ ಒಂದೇ ಕಡೆ ಉರಿಯುತ್ತದೆ. ಪಕ್ಕದ ಮನೆಯವರು ಕಾರು ಕೊಂಡಾಗ ಮೊದಲು ಹೋಗಿ ಸ್ವೀಟು ತಿಂದು ಬಂದವನು ನಾನು. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗಣಿತದ ಮೇಷ್ಟರು ಹೆಡ್‌ಮಾಸ್ಟರಾದಾಗ ಹಾರ ತಂದವನೂ ನಾನೇ. ಆದರೆ ಅಕ್ಕಿಹೆಬ್ಬಾಳಿನ ನಂಜೇಗೌಡ ಎಂಬ ಹೆಸರು ಕಿವಿಗೆ ಬಿದ್ದರೆ ಮಾತ್ರ ನುಂಗಿದ ಮುದ್ದೆ ಗಂಟಲಲ್ಲೇ ನಿಂತುಬಿಡುತ್ತದೆ. ಅವನು ಡೈರಿಯಲ್ಲಿ ಹಾಲು ಅಳೆಯುವವನು. ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಮೇಷ್ಟರು. ನಾವಿಬ್ಬರೂ ಬಿಡುವಿನಲ್ಲಿ ಬರೆಯುವುದು ಕುಸ್ತಿ ಕತೆ.

ಕುಸ್ತಿಗೆಂಥ ಕತೆ ಎನ್ನುವವರಿಗೆ ಸ್ವಲ್ಪ ವಿವರಿಸಬೇಕು. ಗರಡಿಯ ಮಣ್ಣಿನ ಕುಸ್ತಿ ಬೇರೆ. ಅಲ್ಲಿ ಬಲವಿದ್ದವನು ಗೆಲ್ಲುತ್ತಾನೆ, ಕನ್ನಡ ಮೇಷ್ಟರ ಅಗತ್ಯವಿಲ್ಲ. ಟಿವಿಯಲ್ಲಿ ಬರುತ್ತದಲ್ಲ, ಹಗ್ಗ ಕಟ್ಟಿದ ಚೌಕದೊಳಗೆ ಬೈದಾಡಿಕೊಂಡು ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಕುಸ್ತಿ, ಅದನ್ನು ನೋಡಿ ನೋಡಿ ನಮ್ಮ ಕಡೆಯ ಪೈಲ್ವಾನರೂ ಷೋ ಕುಸ್ತಿಯ ಕಂಪನಿ ಕಟ್ಟಿಕೊಂಡಿದ್ದಾರೆ. ಯಾರು ಗೆಲ್ಲಬೇಕು, ಯಾರು ಮೋಸ ಮಾಡಬೇಕು, ಯಾರು ಯಾರ ಮೇಲೆ ಯಾಕೆ ಹಲ್ಲು ಕಡಿಯಬೇಕು ಎಂಬುದನ್ನೆಲ್ಲ ಯಾರಾದರೂ ಮೊದಲೇ ಬರೆದುಕೊಡಬೇಕು. ಶ್ರೀರಂಗಪಟ್ಟಣದ ಕಡೆ ಕಿರಂಗೂರಿನ ಮರೀಗೌಡರ ಕಂಪನಿ, ನಾಗಮಂಗಲದ ಕಡೆ ಬೋರಣ್ಣನವರ ಕಂಪನಿ. ನಾನು ಮೊದಲಿನಿಂದಲೂ ಮರೀಗೌಡರ ಕಡೆಯವನು.

ನಂಜೇಗೌಡನೂ ಮೊದಲು ನಮ್ಮಲ್ಲೇ ಇದ್ದ. ವರ್ಷದಲ್ಲಿ ಐದು ಕತೆ ಬರೆದ, ಐದೂ ಮಕಾಡೆ ಮಲಗಿದವು. ಅರಕೆರೆಯಲ್ಲಂತೂ ಜನ ಅರ್ಧದಲ್ಲೇ ಎದ್ದು ಬಸ್ಸು ಹಿಡಿದರು. ನಾನು ಅವನಿಗೆ ಮಾಡದ ಸಹಾಯವಿಲ್ಲ. ಅವನ ಕತೆ ಮರೀಗೌಡರ ಕೈ ಸೇರುವ ಮೊದಲು ನನ್ನ ಬಳಿ ಬರುತ್ತಿತ್ತು. ನಾನು ಕೆಂಪು ಪೆನ್ನು ಹಿಡಿದು ಸಣ್ಣಪುಟ್ಟ ತಿದ್ದುಪಡಿ ಮಾಡಿ, ಹಳ್ಳಿ ಮಾತು ತೆಗೆದು, ಪ್ರೌಢವಾದ ಸಂಭಾಷಣೆ ಸೇರಿಸಿ ಕಳಿಸುತ್ತಿದ್ದೆ. ಇಷ್ಟಾದರೂ ಅವನು ಉದ್ಧಾರವಾಗಲಿಲ್ಲ. "ಕತೆ ಬರೆಯಾಕೆ ತಲೇಲಿ ಏನಾರ ಇರ್ಬೇಕು ಕಣ್ಲಾ ನಂಜ. ನೀನು ಹಾಲು ಅಳ್ಕೊಂಡಿರೋಗು," ಎಂದು ಮರೀಗೌಡರು ಎಲ್ಲರೆದುರಿಗೇ ಅಂದುಬಿಟ್ಟರು. ಅವನು ತಲೆ ತಗ್ಗಿಸಿ ಹೋದ ದಿನ ನನಗೆ ಬಹಳ ಸಂಕಟವಾಯಿತು ಎಂದು ಬರೆಯಲು ಆಸೆ. ನಿಜ ಹೇಳಿಬಿಡುತ್ತೇನೆ, ಅವತ್ತು ನಾನು ಮನೆಗೆ ಅರ್ಧ ಕೇಜಿ ಮೈಸೂರುಪಾಕು ಒಯ್ದಿದ್ದೆ.

ಆರು ತಿಂಗಳು ಕಳೆಯಲಿಲ್ಲ, ಅವನ ಹೆಸರು ನಾಗಮಂಗಲದ ದಿಕ್ಕಿನಿಂದ ಕೇಳಿಬರತೊಡಗಿತು. ಮೊದಲು ಕಟಿಂಗ್ ಶಾಪಿನಲ್ಲಿ, ಆಮೇಲೆ ಸ್ಟಾಫ್ ರೂಮಿನಲ್ಲಿ, ಕೊನೆಗೆ ನಮ್ಮ ಅಡುಗೆಮನೆಯಲ್ಲೇ. "ಅಲ್ಲಾ ಕಣ್ರೀ, ಬೋರಣ್ಣನ ಕಂಪ್ನಿ ಕುಸ್ತಿ ನೋಡಿ ನಮ್ಮಕ್ಕ ಅತ್ತುಬುಟ್ಲಂತೆ. ನಂಜೇಗೌಡ್ರು ಕತೆ ಅಂದ್ರೆ ಜನ ಊಟ ಬುಟ್ಟು ಬತ್ತಾರಂತೆ," ಎಂದಳು ಸುಶೀಲ. ನಂಜ ಹೋಗಿ ನಂಜೇಗೌಡ್ರು ಆಗಿದ್ದ! "ನಿಮ್ಮಕ್ಕ ಸೋಪಿನ ಜಾಹೀರಾತು ನೋಡಿಯೂ ಅಳುತ್ತಾಳೆ," ಎಂದು ನಾನು ತಟ್ಟೆ ತಳ್ಳಿ ಎದ್ದೆ. ಅಂದಿನಿಂದ ಕಾರಣ ಹುಡುಕುವುದೇ ನನ್ನ ಕೆಲಸವಾಯಿತು. ಒಂದೇ ಮನುಷ್ಯ, ಅದೇ ತಲೆ, ಅದೇ ಕೈಬರಹ. ಕಿರಂಗೂರಿನಲ್ಲಿ ದಂಡಪಿಂಡವಾಗಿದ್ದವನು ನಾಗಮಂಗಲದಲ್ಲಿ ಹೇಗೆ ದೊಡ್ಡ ಮನುಷ್ಯನಾದ? ಬೋರಣ್ಣನ ಮೈಕು ಹೊಸದು ಎಂದುಕೊಂಡೆ. ಪೈಲ್ವಾನರು ಒಳ್ಳೆಯವರು ಎಂದುಕೊಂಡೆ. ಆ ಕಡೆಯ ಜನಕ್ಕೆ ಏನು ಕೊಟ್ಟರೂ ನಡೆಯುತ್ತದೆ ಎಂದೂ ಅಂದುಕೊಂಡೆ, ಆ ಜನರಲ್ಲಿ ನನ್ನ ಸೋದರಮಾವನವರೂ ಇದ್ದಾರೆಂಬುದು ಆಮೇಲೆ ನೆನಪಾಯಿತು.

ತಡೆಯಲಾರದೆ ಒಂದು ಭಾನುವಾರ ಮಧ್ಯಾಹ್ನ, ಪೇಪರ್ ತಿದ್ದುವ ಡ್ಯೂಟಿ ಎಂದು ಮನೆಯಲ್ಲಿ ಸುಳ್ಳು ಹೇಳಿ, ಬಿಸಿಲಲ್ಲೂ ಮಫ್ಲರ್ ಸುತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿದೆ. ಮೈದಾನ ಕಿಕ್ಕಿರಿದಿತ್ತು. ಕತೆ ಇಷ್ಟೇ: ಮದುವೆಯಲ್ಲಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಎಮ್ಮೆಯನ್ನು ಭಾವಮೈದ ಕೊಟ್ಟಿಲ್ಲ, ಅದಕ್ಕೆ ಭಾವ ಅಖಾಡಕ್ಕೆ ಇಳಿದಿದ್ದಾನೆ. "ಎಮ್ಮೆ ಕೊಡ್ತೀಯೋ, ಇಲ್ಲಾ ನಿಮ್ಮಕ್ಕನ್ನ ವಾಪಸ್ ಕಳಿಸ್ಲೋ!" ಎಂದು ಭಾವ ತೊಡೆ ತಟ್ಟಿದಾಗ ಮೈದಾನವೇ ಎದ್ದು ನಿಂತಿತು. ನನ್ನ ಪಕ್ಕದ ಅಜ್ಜಿ "ಕೊಟ್ಬುಡ್ಲಾ, ಆ ಹೆಣ್ಮಗಳ ಬಾಳು ಆಳಾಯ್ತದೆ!" ಎಂದು ಕೂಗಿ ಕಣ್ಣೊರೆಸಿಕೊಂಡಳು. ಅರಕೆರೆಯಲ್ಲಿ ಬಿದ್ದ ಕತೆಯೇ ಇದು. ಎಮ್ಮೆ ಅಷ್ಟು ಗೌರವದ ವಸ್ತುವಲ್ಲವೆಂದು ನಾನು ಅದನ್ನು ಹೊಡೆದುಹಾಕಿ ಸಿಂಹಾಸನ ಎಂದು ತಿದ್ದಿದ್ದೆ. ಕತೆಯ ತಲೆಯ ಮೇಲೆ ನಂಜೇಗೌಡ ಯಾವ ಪೈಲ್ವಾನನ ಹೆಂಡತಿಯ ತವರು ಯಾವುದು ಎಂದೆಲ್ಲ ಪಟ್ಟಿ ಬರೆದಿರುತ್ತಿದ್ದ. ಅದನ್ನೂ ಅಧಿಕಪ್ರಸಂಗವೆಂದು ಅಳಿಸಿದ್ದೆ.

ಇಷ್ಟು ಕಂಡಮೇಲೆ ಯಾವ ಬುದ್ಧಿವಂತನಾದರೂ ತಪ್ಪು ಒಪ್ಪಿಕೊಂಡು ಮನೆಗೆ ಬರುತ್ತಿದ್ದ. ನಾನು ಮಫ್ಲರ್ ಬಿಚ್ಚಿ ನೇರ ಬೋರಣ್ಣನ ಬಳಿಗೆ ಹೋದೆ. ನನ್ನ ಲೆಕ್ಕ ಹೀಗಿತ್ತು: ಇದೆಲ್ಲ ಕಂಪನಿಯ ಗುಣ. ಈ ಕಂಪನಿಯಲ್ಲಿ ನಂಜನೇ ಇಷ್ಟು ಮೆರೆಯುವುದಾದರೆ ನಾನು ಎಷ್ಟು ಮೆರೆಯಬಹುದು! ನನ್ನ ಒಂದು ಕತೆ ಇಲ್ಲಿ ಗೆದ್ದರೆ ಸಾಕು, ಅವನದೇನೂ ಇಲ್ಲವೆಂದು ಜಗಜ್ಜಾಹೀರಾಗುತ್ತದೆ. ಬೋರಣ್ಣ ಹಿಂದೆಮುಂದೆ ನೋಡಿದಾಗ ಶಿಫಾರಸು ಮಾಡಿದವನು ನಂಜೇಗೌಡನೇ. "ನಮ್ ಮೇಷ್ಟ್ರು ಕಣಣ್ಣೋ, ನಂಗೆ ಬರೆಯಾದ ಯೋಳ್ಕೊಟ್ಟೋರು," ಎಂದ. ಅವನು ಒಳ್ಳೆಯವನೂ ಆಗಿದ್ದದ್ದು ನನ್ನ ಉರಿಯನ್ನು ಇನ್ನಷ್ಟು ಹೆಚ್ಚಿಸಿತು.

ನನ್ನ ಕತೆ ಕೆ.ಆರ್. ಪೇಟೆಯ ಸಂತೆ ಮೈದಾನದಲ್ಲಿ ನಡೆಯಿತು. "ಏನಾದರೂ ಬದಲಾಯಿಸಿದೆಯೇನೋ?" ಎಂದು ನಂಜೇಗೌಡನನ್ನು ಗದರಿಸಿ ಕೇಳಿದೆ. "ನಿಮ್ದ ನಾನು ತಿದ್ದಾದಾ ಸಾ? ಒಂದಕ್ಸರ ಮುಟ್ಟಿಲ್ಲ," ಎಂದು ಕೆನ್ನೆ ಬಡಿದುಕೊಂಡ. ನನ್ನ ನಾಯಕ ಎದುರಾಳಿಯ ಕಾಲು ಹಿಡಿದು, ಹದಿನಾಲ್ಕು ಸಾಲಿನ ಪ್ರತಿಜ್ಞೆ ಮಾಡಿ, ಆಮೇಲೆ ಎತ್ತಿ ಒಗೆಯಬೇಕು. ಆರನೆಯ ಸಾಲಿಗೆ ಯಾರೋ "ಮಾತು ಸಾಕು ಬುಡ್ಲಾ, ಆವಯ್ಯನ ಕಾಲು ಮರಗಟ್ಟೋಯ್ತದೆ!" ಎಂದು ಕೂಗಿದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಬೀಳಬೇಕಾದ ಪುಟ್ಟಸ್ವಾಮಿ ಬೀಳಲೇ ಇಲ್ಲ. ಅವನ ಹೆಂಡತಿಯ ತವರು ಆ ಊರೇ. ಅತ್ತೆ ಮೊದಲ ಸಾಲಿನಲ್ಲಿ ಸೊಸೆಯರನ್ನು ಕಟ್ಟಿಕೊಂಡು ಕೂತಿದ್ದರು. ನಾಯಕ ಎಷ್ಟು ಒಗೆದರೂ ಪುಟ್ಟಸ್ವಾಮಿ ಬೆನ್ನು ನೆಲಕ್ಕೆ ತಾಕಿಸದೆ ಚಂಗನೆ ಎದ್ದು ಅತ್ತೆಯ ಕಡೆ ನೋಡುತ್ತಿದ್ದ. "ಬಿದ್ಕೊಳ್ಳಣ್ಣಾ, ನಿನ್ ದಮ್ಮಯ್ಯ," ಎಂದು ನಾಯಕ ಬೇಡಿಕೊಂಡದ್ದು ಆ ಹೊಸ ಮೈಕಿನಲ್ಲಿ ಸಂತೆಗೆಲ್ಲ ಕೇಳಿಸಿತು. "ಇಲ್ಲಿ ಬಿದ್ರೆ ನಾಳೆ ಅಬ್ಬಕ್ಕೆ ಬರಾದೆಂಗ್ಲಾ?" ಎಂದ ಪುಟ್ಟಸ್ವಾಮಿ. ಕೊನೆಗೆ ದಣಿದು ಬಿದ್ದವನು ನನ್ನ ನಾಯಕ. ಜನ ನಕ್ಕು ನಕ್ಕು ಎದ್ದುಹೋದರು. ನಂಜೇಗೌಡ ಒಬ್ಬನೇ ಉಳಿದು "ನಮ್ ಜನಕ್ಕೆ ತಿಳಿಯಕ್ಕಿಲ್ಲ ಬುಡಿ ಸಾ," ಎಂದು ಟೀ ಕೊಡಿಸಿದ. ಆ ಟೀ ಹೊಟ್ಟೆಯೊಳಗೆ ಇಳಿಯುವಾಗ ಬೆಂಕಿಯ ಹಾಗಿತ್ತು.

ಮರುದಿನ ಬೋರಣ್ಣ ಫೋನು ಮಾಡಿ, "ನೀವು ಒಳ್ಳೆ ಮನುಸ್ರು ಮೇಷ್ಟ್ರೇ, ನಮ್ಮನೇಗೆ ಊಟಕ್ಕೆ ಬನ್ನಿ. ಕತೆ ಮಾತ್ರ ತರಬ್ಯಾಡಿ," ಎಂದರು. ಈ ಅವಮಾನವನ್ನು ನಮ್ಮ ಮರೀಗೌಡರಿಗೆ ಹೇಳಿಕೊಂಡರೆ ಸಮಾಧಾನವಾದೀತೆಂದು ಕಿರಂಗೂರಿಗೆ ಹೋದೆ. ನಾಗಮಂಗಲದವರಿಗೆ ಸಾಹಿತ್ಯದ ಗಂಧಗಾಳಿಯಿಲ್ಲ ಎಂದೆ. ಮರೀಗೌಡರು ಎಲೆಯಡಿಕೆ ಉಗಿದು ಹೇಳಿದರು: "ಇಲ್ಲೂ ಜನ ನಿಮ್ ಕತೆ ಬ್ಯಾಡ ಅಂತ್ಲೇ ಅಂತಿದ್ರು ಮೇಷ್ಟ್ರೇ. ನನ್ ಮಗಂಗೆ ಐಸ್ಕೂಲಲ್ಲಿ ನೀವೇ ಪಾಠ ಮಾಡಾದು ನೋಡಿ, ಅದ್ಕೆ ನಿಮ್ಮೆದ್ರಿಗೆ ಯಾರೂ ಯೋಳ್ತಿರ್ಲಿಲ್ಲ." ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲವನ್ನೂ ತೂಗಿ ನೋಡಿದೆ. ಒಂದು ಕಂಪನಿಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಹೆಸರು ಪಡೆಯುವ ನಂಜೇಗೌಡನಂಥವರ ಬಗ್ಗೆ ನನಗೆ ಯಾವತ್ತೂ ನಂಬಿಕೆಯಿಲ್ಲ. ಎರಡು ಕಂಪನಿಯಲ್ಲೂ ಒಂದೇ ಹೆಸರನ್ನು ಉಳಿಸಿಕೊಂಡವನು ಈ ನಾಲ್ಕು ತಾಲೂಕಿನಲ್ಲಿ ನಾನೊಬ್ಬನೇ.