ತಡಿ ಮಾಸ್ತರ ಹೀಟರು

ಎಲ್ಲಕ್ಕೂ ಮೂಲ ಒಂದು ಬ್ರೆಡ್ಡು. ಮನೆಯಲ್ಲಿ ಅದು ಮುಗಿಯದೇ ಇದ್ದಿದ್ದರೆ ಡ್ರೈವಿಂಗ್ ಮಾಸ್ತರು ಅಂದು ಬೆಳಿಗ್ಗೆ ಬೇಕರಿಗೆ ಹೋಗುತ್ತಿರಲಿಲ್ಲ. ಅವರು ಹೋಗದಿದ್ದರೆ ಬೇಕರಿಯವನು ಆ ಮಾತು ಆಡುತ್ತಲೂ ಇರಲಿಲ್ಲ.

"ನಿಮ್ಮ ಸ್ನೇಹಿತರು ನಿನ್ನೆ ಸಂಜೆ ಇಲ್ಲೇ ಇದ್ರು ಮಾಸ್ತ್ರೆ," ಎಂದ ಬೇಕರಿಯವನು, ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಾ. "ಒಳಗಡೆ, ಒಲೆ ಪಕ್ಕದಲ್ಲಿ. ಔಷಧಿ ಅಂಗಡಿಯವರ ಜೊತೆ ಚದುರಂಗ. ದಿನಾ ಬರ್ತಾರಲ್ಲ, ನಿಮಗೆ ಗೊತ್ತೇ ಇರುತ್ತೆ."

ಮಾಸ್ತರಿಗೆ ಗೊತ್ತಿರಲಿಲ್ಲ. ಚಿಲ್ಲರೆಯನ್ನು ಮರೆತು, ಬ್ರೆಡ್ಡನ್ನೂ ಮರೆತು ಅವರು ರಸ್ತೆಗೆ ಇಳಿದರು.

ಆ ಸ್ನೇಹಿತ ಯಾರೆಂದರೆ ಮೂಲೆಯ ಫೋಟೋ ಸ್ಟುಡಿಯೋದ ಯಜಮಾನ. ಎಲ್ಲರ ಬಾಯಲ್ಲೂ ಅವನ ಹೆಸರು ‘ಸ್ಟುಡಿಯೋ’ ಎಂದೇ. ಇಬ್ಬರಿಗೂ ತಲೆಗೂದಲು ಕಪ್ಪಗಿದ್ದ ಕಾಲದಿಂದ ಸಂಜೆಯಾದರೆ ಮಾಸ್ತರ ಮನೆಯ ತಾರಸಿ, ತಗಡಿನ ಮಾಡಿನ ಕೆಳಗೆ ಎರಡು ಬೆತ್ತದ ಕುರ್ಚಿ, ನಡುವೆ ಚದುರಂಗದ ಮಣೆ. ಕೆಳಗಿನ ಹಜಾರದಲ್ಲಿ ಮಾಸ್ತರ ಹೆಂಡತಿಯ ಹೊಲಿಗೆ ಕ್ಲಾಸು ನಡೆಯುತ್ತಿತ್ತು, ಅಲ್ಲಿ ಗಂಡಸರಿಗೆ ಜಾಗವಿಲ್ಲ. ಸ್ಟುಡಿಯೋನ ಮನೆಯಲ್ಲಿ ಆಡುವ ಮಾತಂತೂ ಇರಲೇ ಇಲ್ಲ. ಎಂದೋ ಒಮ್ಮೆ ಅವನ ಹೆಂಡತಿ ಸಾರಿಗೆ ಉಪ್ಪು ಹಾಕುತ್ತಿದ್ದಾಗ ಮಾಸ್ತರು ಬಾಗಿಲಲ್ಲಿ ನಿಂತು "ತಡೀರಿ ಅತ್ತಿಗೆ!" ಎಂದಿದ್ದರು. ಆ ಮನೆಯಲ್ಲಿ ಅವರಿಗೆ ಅದೇ ಕೊನೆಯ ಊಟ.

‘ತಡಿ’ ಎಂಬುದು ಮಾಸ್ತರ ಬಾಯಿಯ ಬ್ರೇಕು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಮಾಸ್ತರ ಕಾಲಡಿಯೂ ಒಂದು ಬ್ರೇಕು ಇರುತ್ತದಲ್ಲ, ಕಲಿಯುವವನು ಗಾಬರಿಯಾದರೆ ಒತ್ತಲು? ಇವರು ಅವನು ಗಾಬರಿಯಾಗುವ ಮೊದಲೇ ಒತ್ತುತ್ತಿದ್ದರು. ಕಾಲು ಒತ್ತಿದಾಗಲೆಲ್ಲ ಬಾಯಿ "ತಡಿ!" ಎನ್ನುತ್ತಿತ್ತು. ವರ್ಷಗಳು ಉರುಳಿದಂತೆ ಬಾಯಿಗೆ ಕಾಲಿನ ಅಗತ್ಯವೇ ಉಳಿಯಲಿಲ್ಲ. ಹೆಂಡತಿ ಬಟ್ಟೆ ಕತ್ತರಿಸಲು ಹೋದರೆ ತಡಿ, ಕ್ಷೌರಿಕ ಕತ್ತರಿ ಎತ್ತಿದರೆ ತಡಿ. ಊರಿಗೆಲ್ಲ ಅವರು ತಡಿ ಮಾಸ್ತರು.

ಚಳಿ ಶುರುವಾದಾಗಿನಿಂದ ಸ್ಟುಡಿಯೋ ತಾರಸಿ ಹತ್ತಿರಲಿಲ್ಲ. "ಮೂಳೆಗೇ ಇಳಿಯುತ್ತೆ ಕಣೋ ಈ ಚಳಿ, ಬೇಸಿಗೆ ಬರ್ಲಿ," ಎಂದಿದ್ದ. ಮಾಸ್ತರು ನಂಬಿ, ಒಬ್ಬರೇ ಕೂತು ಎರಡೂ ಕಡೆಯ ಕಾಯಿ ನಡೆಸುತ್ತಿದ್ದರು. ಅದರಲ್ಲಿ ಸುಖವಿರಲಿಲ್ಲ. ತನಗೆ ತಾನೇ ತಡಿ ಎನ್ನುವುದು ಎಷ್ಟು ಹೊತ್ತು? ಈಗ ನೋಡಿದರೆ ಆ ಮೂಳೆ ಬೇಕರಿಯಲ್ಲಿ ಬೆಚ್ಚಗೆ ಬೇಯುತ್ತಿದೆ! ಮಾಸ್ತರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಭಯ. ಈ ವಯಸ್ಸಿನಲ್ಲಿ ಕಳೆದುಕೊಂಡರೆ ಇನ್ನೊಬ್ಬ ಹಳೇ ಸ್ನೇಹಿತ ಎಲ್ಲಿಂದ ಹುಟ್ಟಬೇಕು?

ನೇರ ಸ್ಟುಡಿಯೋಗೆ ನುಗ್ಗಿದರು. ಸ್ನೇಹಿತ ದೀಪದ ಕಂಬವೊಂದನ್ನು ತಿರುಗಿಸುತ್ತಿದ್ದ.

"ಬೇಕರೀಲಿ ಆಡ್ತೀಯಂತೆ?"

ಸ್ಟುಡಿಯೋ ದೀಪದಿಂದ ಕಣ್ಣು ತೆಗೆಯಲಿಲ್ಲ. "ಅಲ್ಲಿ ಬೆಚ್ಚಗಿರುತ್ತೆ ಕಣೋ, ಅಷ್ಟೇ. ನಿನ್ನ ತಾರಸಿ ಮೇಲೆ ಐಸು."

"ನಾನೂ ಬೆಚ್ಚಗೆ ಮಾಡಿದ್ರೆ?"

"ತಾರಸೀನಾ?" ಸ್ಟುಡಿಯೋ ನಕ್ಕ. "ಮಾಡಿದ್ರೆ ಬರ್ತೀನಿ ಬಿಡು."

"ಇವತ್ತೇ ಬಾ!" ಎಂದು ಮಾಸ್ತರು ಹೊರಟೇಬಿಟ್ಟರು. ಸ್ನೇಹಿತನ ನಗು ಅಲ್ಲೇ ಒಣಗಿದ್ದನ್ನು ಅವರು ನೋಡಲಿಲ್ಲ.

ಹೊರಗಿಡುವ ಹೀಟರ್ ಕೊಳ್ಳುವುದೆಂದು ಮಾಸ್ತರು ಮನೆಯ ಗೇಟಿನಲ್ಲಿ ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಕರೆಂಟಣ್ಣನಿಗೂ, ಎದುರು ಮನೆಯ ಹವಾಮಾನ ಚಿಕ್ಕಮ್ಮನಿಗೂ ಅದು ಕೇಳಿಸಿತು. ಚಿಕ್ಕಮ್ಮ ಆಕಾಶ ನೋಡಿ ಹೇಳಿದ್ದು ಇದುವರೆಗೆ ಒಮ್ಮೆಯೂ ನಿಜವಾಗಿರಲಿಲ್ಲ. ಹಾಗೆಂದು ಹೇಳುವುದನ್ನು ಅವರು ಬಿಟ್ಟಿರಲಿಲ್ಲ.

"ಕರೆಂಟಿಂದು ಮಾತ್ರ ತರಬೇಡಿ," ಎಂದ ಕರೆಂಟಣ್ಣ. "ಕೆಳಗೆ ಅಕ್ಕನ ಹೊಲಿಗೆ ಮಿಷನ್‌ಗಳು ಓಡ್ತಿರ್ತವೆ. ಮೇಲೆ ಹೀಟರ್ ಹಾಕಿದ ತಕ್ಷಣ ಇಡೀ ಬೀದಿ ಕತ್ತಲು. ಆಮೇಲೆ ನನ್ನನ್ನೇ ಕಂಬ ಹತ್ತಿಸ್ತೀರಿ."

"ಸೌದೆ ಉರಿಸೋದೂ ಬೇಡಪ್ಪಾ," ಎಂದರು ಚಿಕ್ಕಮ್ಮ. "ಸಂಜೆ ಗಾಳಿ ನಮ್ಮನೆ ಕಡೆ ತಿರುಗುತ್ತೆ. ನನ್ನ ಬಟ್ಟೆಗೆಲ್ಲ ಹೊಗೆ. ಯಾವುದು ತಂದ್ರೂ ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಕೋ. ಬೆಂಕಿ ಬಿದ್ದಾಗ ಬಾವಿ ತೋಡಬಾರದು."

"ಒಂದು ರಗ್ಗು ಹೊದ್ದು ಕೂತ್ಕೊಂಡ್ರೆ ಆಗಲ್ವೇನ್ರೀ?" ಎಂದು ಹೆಂಡತಿ ಕೇಳಿದಳು. ಅಂದು ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಮಾಸ್ತರು ಬೇಕರಿಯವನ ಡ್ರೈವಿಂಗ್ ಪಾಠವನ್ನು ಹೀಟರ್ ಅಂಗಡಿಯ ದಿಕ್ಕಿಗೇ ತಿರುಗಿಸಿದರು. ಅವನು ಮಾಸ್ತರ ಅತ್ಯಂತ ಹಳೆಯ ಶಿಷ್ಯ, ಅವನ ನಂತರ ಸೇರಿದವರು ಪಾಸಾಗಿ, ಕಾರು ಕೊಂಡು, ಮಾರಿಯೂ ಆಗಿತ್ತು. ದಾರಿಯುದ್ದಕ್ಕೂ ತಡಿ, ತಡಿ. ಪ್ರತಿ ತಡಿಗೂ ಕಾರು ಬಿಕ್ಕಳಿಸಿ ನಿಂತಿತು, ಹಿಂದಿನ ವಾಹನಗಳೆಲ್ಲ ಒಟ್ಟಾಗಿ ಬೈದವು.

ಅಂಗಡಿಯವನಿಗೆ ತಾಳ್ಮೆ ಇತ್ತು, ಆದರೆ ಅಷ್ಟು ಇರಲಿಲ್ಲ. ಗೋಡೆಗೆ ಹಾಕುವ ಕೆಂಪು ಕಡ್ಡಿಯ ಹೀಟರ್ ತೋರಿಸಿದ, ಅದು ಕರೆಂಟಿನದು. ಕಬ್ಬಿಣದ ಬಾನಿಯಂಥದನ್ನು ತೋರಿಸಿದ, ಅದಕ್ಕೆ ಸೌದೆ. ಕೊನೆಗೆ ಉಳಿದದ್ದು ಗ್ಯಾಸಿನದು. ಕೆಳಗೆ ಸಿಲಿಂಡರ್ ಇಡುವ ದಪ್ಪ ಬುಡ, ಮೇಲೆ ಆಳೆತ್ತರದ ಕಂಬ, ಕಂಬದ ತಲೆಯಲ್ಲಿ ಜಾಲರಿಯೊಳಗೆ ಉರಿ, ಅದರ ಮೇಲೆ ತಗಡಿನ ಕೊಡೆ. ಅಂಗಡಿಯವನು ಬಿಲ್ಲಿಗೆ ಪೆನ್ನು ಊರಿದಾಗಲೆಲ್ಲ ಮಾಸ್ತರು "ತಡೀರಿ" ಎಂದರು. ಕಡೆಗೆ ಅವನು ಪೆನ್ನನ್ನು ಅವರ ಕೈಗೇ ಕೊಟ್ಟು, "ನೀವೇ ಬರ್ಕೊಳ್ಳಿ ಸಾರ್, ನಾನು ಊಟ ಮಾಡಿ ಬರ್ತೀನಿ," ಎಂದ. ಆಗ ಮಾಸ್ತರಿಗೆ ಸಂಜೆಯ ನೆನಪಾಗಿ, ಜೀವನದಲ್ಲಿ ಮೊದಲ ಬಾರಿಗೆ ಎರಡನೆಯ ಯೋಚನೆ ಇಲ್ಲದೆ, "ಇದೇ ಇರಲಿ," ಎಂದುಬಿಟ್ಟರು.

"ಕಂಬ ಪೂರ್ತಿ ಎತ್ತರಕ್ಕೇ ನಿಲ್ಲಿಸ್ಬೇಕು, ಮರೀಬೇಡಿ," ಎಂದು ಅಂಗಡಿಯವನು ಹಿಂದಿನಿಂದ ಕೂಗಿದ.

ಕಾರಿನಲ್ಲಿ ಕಂಬದ ತುಂಡುಗಳು ಹಿಂದಿನ ಸೀಟಿಗೆ ಹೋದವು. ಬುಡ ಮಾಸ್ತರ ಕಾಲಡಿ ಸಿಕ್ಕಿಕೊಂಡು, ಅವರ ಬ್ರೇಕಿಗೂ ಅವರಿಗೂ ಸಂಬಂಧವೇ ಇಲ್ಲದಂತಾಯಿತು. ತಗಡಿನ ಕೊಡೆ ತೊಡೆಯ ಮೇಲೆ, ಮೂಗಿಗೆ ತಾಗಿಕೊಂಡು ನಿಂತಿತು. ರಸ್ತೆಯೇ ಕಾಣದ ಮೇಲೆ ತಡಿ ಅನ್ನುವುದಾದರೂ ಯಾವುದಕ್ಕೆ? ಮಾಸ್ತರು ಕಣ್ಣು ಮುಚ್ಚಿ ಕೂತರು. ಕಣ್ಣು ಬಿಟ್ಟಾಗ ಕಾರು ಅವರ ಮನೆ ಮುಂದೆ, ರಸ್ತೆಯ ಅಂಚಿಗೆ ನೇರವಾಗಿ, ಸದ್ದಿಲ್ಲದೆ ನಿಂತಿತ್ತು.

"ಬರೋ ದಾರೀಲಿ ಒಂದ್ಸಲಾನೂ ಆಫ್ ಆಗ್ಲಿಲ್ಲ ಮಾಸ್ತ್ರೆ!" ಬೇಕರಿಯವನ ಕಣ್ಣಲ್ಲಿ ನೀರಿತ್ತು.

"ನೋಡಿದ್ಯಾ? ಇಷ್ಟು ದಿನ ತಡಿ ತಡಿ ಅಂತ ಬಡ್ಕೊಂಡಿದ್ದಕ್ಕೂ ಸಾರ್ಥಕ ಆಯ್ತು," ಎಂದರು ಮಾಸ್ತರು, ಹೆಮ್ಮೆಯಿಂದ.

ಹೀಟರ್ ಜೋಡಿಸಲು ಕರೆಂಟಣ್ಣ ಕರೆಯದೆಯೇ ಬಂದ. ಕಂಬ ಪೂರ್ತಿ ನಿಲ್ಲಿಸಿದರೆ ಕೊಡೆ ತಗಡಿನ ಮಾಡಿಗೆ ಗುದ್ದುತ್ತಿತ್ತು. ಹೀಟರನ್ನು ಬಯಲಿಗೆ ಎಳೆದರೆ ಚಿಕ್ಕಮ್ಮ ತಮ್ಮ ಕಿಟಕಿಯಿಂದಲೇ ಗಾಳಿಯ ಅಪಾಯ ಸಾರಿದರು.

"ನಡುವಿನ ತುಂಡು ತೆಗೆದುಬಿಡೋಣ ಮಾಸ್ತ್ರೆ," ಎಂದ ಕರೆಂಟಣ್ಣ. "ಅಷ್ಟೆತ್ತರ ಉರಿದ್ರೆ ಬಿಸಿಯೆಲ್ಲ ಕಾಗೆಗಳಿಗೆ. ಇಳಿಸಿದ್ರೆ ನಿಮಗೆ."

ಸಾರಿನ ಉಪ್ಪಿಗೆ ತಡಿ ಎಂದ ಬಾಯಿ ಇದಕ್ಕೆ ಏನೂ ಅನ್ನಲಿಲ್ಲ. ಕೈಗಡಿಯಾರದ ಕಡೆಗೇ ನೋಡುತ್ತಿದ್ದ ಮಾಸ್ತರು ತಲೆಯಾಡಿಸಿದರು. ಹೀಗೆ ಆಕಾಶದಲ್ಲಿ ಉರಿಯಬೇಕಾದ ಬೆಂಕಿ ಕೂತವರ ಹೆಗಲಿನ ಮಟ್ಟಕ್ಕೆ ಇಳಿಯಿತು. ಪಕ್ಕದಲ್ಲಿ ಚಿಕ್ಕಮ್ಮನ ಬಕೆಟ್ಟು ಕಾವಲು ನಿಂತಿತು.

ಸ್ಟುಡಿಯೋ ಸಂಜೆ ಬಂದ, ಬರದೆ ದಾರಿಯಿರಲಿಲ್ಲ. ಅವನ ಹೆಗಲ ಮೇಲೆ ಹೆಂಡತಿ ಎರಡು ಚಳಿಗಾಲ ಕೂತು ಹೆಣೆದ ಉಣ್ಣೆಯ ಶಾಲು, ತುದಿಗೆ ಉದ್ದುದ್ದ ಕುಚ್ಚು. ಅವನ ಕುರ್ಚಿಯ ಹಿಂದೆ ಹೀಟರ್ ಹಿತವಾಗಿ ಬುಸ್ಸೆನ್ನುತ್ತಿತ್ತು. ಮಾಸ್ತರು ಅಂಗೈ ಉಜ್ಜಿಕೊಂಡು ಕಾಯಿ ಜೋಡಿಸಿದರು. ಇಡೀ ದಿನದ ಪಾಡೆಲ್ಲ ಅವರಿಗೆ ಆಗಲೇ ಮರೆತುಹೋಗಿತ್ತು.

ಆಟ ನಾಲ್ಕು ನಡೆ ಸಾಗಿರಬೇಕು. ಸ್ಟುಡಿಯೋ ಕುದುರೆಯ ಮೇಲೆ ಬೆರಳಿಟ್ಟ.

"ತಡಿ!" ಎಂದರು ಮಾಸ್ತರು.

ಸ್ಟುಡಿಯೋ ಬೆರಳು ತೆಗೆದ. ಕುರ್ಚಿಗೆ ಒರಗಿದ.

"ಹೇಳ್ಬಾರ್ದು ಅಂತಿದ್ದೆ. ಚಳಿ ಅಲ್ಲ ಕಣೋ."

"ಮತ್ತೆ?"

"ಇದೇ. ನಿನ್ನ ತಡಿ. ಇಷ್ಟು ವರ್ಷದಲ್ಲಿ ಒಂದು ಕಾಯಿನಾದ್ರೂ ನನ್ನ ಮನಸ್ಸಿಗೆ ಬಂದ ಹಾಗೆ ಇಟ್ಟಿದೀನಾ? ಆ ಔಷಧಿ ಅಂಗಡಿಯವನು ಬಾಯಿ ಬಿಡಲ್ಲ. ಅವನ ಹತ್ರ ದಿನಾ ಸೋಲ್ತೀನಿ. ಆದ್ರೆ ಆ ಸೋಲು ನಂದು, ಗೊತ್ತಾಯ್ತಾ? ನಾನೇ ಸಂಪಾದಿಸಿದ್ದು. ಚಳಿ ಬಂತಲ್ಲಾ, ಒಂದು ನೆಪ ಸಿಕ್ತು ಅಂತ ಖುಷಿಯಾಗಿದ್ದೆ. ನೀನು ಹೀಟರ್ ತಂದು ಅದನ್ನೂ ಕಿತ್ಕೊಂಡೆ."

ತಾನು ಪ್ರೀತಿ ಎಂದುಕೊಂಡಿದ್ದು ಎದುರಿನವನಿಗೆ ಇಷ್ಟು ವರ್ಷ ಬ್ರೇಕಾಗಿತ್ತೆಂದು ಮಾಸ್ತರಿಗೆ ತಿಳಿಯಿತು. ಬೇಕರಿಯವನ ಒದ್ದೆ ಕಣ್ಣು ಈಗ ಅರ್ಥವಾಯಿತು.

"ಇನ್ನು ಬಾಯಿ ಬಿಡಲ್ಲ ಕಣೋ," ಎಂದರು, ಮೆಲ್ಲಗೆ. "ಈ ಬೆಂಕಿ ಸಾಕ್ಷಿ. ನೀನು ಆಡು."

ಸ್ಟುಡಿಯೋ ಅರೆನಂಬಿಕೆಯಲ್ಲಿ ಕುದುರೆ ಎತ್ತಿದ. ಮಾಸ್ತರು ತುಟಿ ಕಚ್ಚಿದರು. ಅವನು ಆನೆ ಸರಿಸಿದ, ಮಾಸ್ತರು ನಾಲಿಗೆಯನ್ನೇ ಕಚ್ಚಿದರು. ನಡೆಯಿಂದ ನಡೆಗೆ ಸ್ಟುಡಿಯೋನ ಮುಖ ಅರಳುತ್ತ ಹೋಯಿತು. ಕಡೆಗೆ ಕುದುರೆಯನ್ನು ಮಣೆಯ ನಡುವೆ ಟಕ್ಕೆಂದು ಇಟ್ಟು, ಗೆದ್ದ ರಾಜನಂತೆ ಶಾಲಿನ ತುದಿಯನ್ನು ಹೆಗಲ ಹಿಂದಕ್ಕೆ ಬೀಸಿ ಎಸೆದ.

ಕುಚ್ಚು ನೇರ ಹೋಗಿ ಹೀಟರಿನ ಜಾಲರಿಯೊಳಗೆ ಇಳಿಯಿತು.

ಮಾಸ್ತರು ನೋಡಿದರು. ತಡಿ ಎಂಬ ಮಾತು ಗಂಟಲಿಗೆ ಬಂದು ನಿಂತಿತು, ಬಿಸಿತುಪ್ಪದಂತೆ, ಉಗುಳಲೂ ಆಗದು, ನುಂಗಲೂ ಆಗದು. ಬಾಯಿ ಬಿಟ್ಟರೆ ಸ್ನೇಹ ಹೋಯಿತು, ಬಿಡದಿದ್ದರೆ ಶಾಲು ಹೋಯಿತು. ಅವರು ಕಣ್ಣು ಅಗಲಿಸಿದರು, ಹುಬ್ಬು ಕುಣಿಸಿದರು, ಬೆರಳು ತೋರಿಸಿದರು.

"ಕಣ್ಸನ್ನೇನೂ ಬೇಡ!" ಎಂದು ಸ್ಟುಡಿಯೋ ಗದರಿದ. "ಮುಖದಲ್ಲಿ ತಡಿ ಅಂದ್ರೂ ತಡೀನೇ. ಸುಮ್ನೆ ಕೂತ್ಕೋ!"

ಮಾಸ್ತರು ಸುಮ್ಮನೆ ಕೂತರು. ಸ್ಟುಡಿಯೋ ಮೂಗು ಅರಳಿಸಿದ. "ಏನೋ ಸುಡ್ತಿದೆ ಕಣೋ. ನಿಮ್ಮನೇಲಿ ಒಲೆ ಮೇಲೆ..." ಎನ್ನುವಷ್ಟರಲ್ಲಿ ಅವನ ಬೆನ್ನ ಹಿಂದೆ ಬೆಳಕಾಯಿತು.

ಮುಂದಿನದನ್ನು ಮಾಸ್ತರು ಯೋಚಿಸಿ ಮಾಡಲಿಲ್ಲ. ಚಿಕ್ಕಮ್ಮನ ಬಕೆಟ್ಟು ಕೈಗೆ ಬಂತು. ಚಳಿಯಲ್ಲಿ ನಿಂತು ನಿಂತು ಐಸಾಗಿದ್ದ ನೀರು ಶಾಲನ್ನೂ, ಸ್ಟುಡಿಯೋನನ್ನೂ, ಹೀಟರನ್ನೂ ಒಂದೇ ಸಲಕ್ಕೆ ಆರಿಸಿತು.

ಸ್ಟುಡಿಯೋ ಎದ್ದು ನಿಂತ. ಮೈಗೆ ಏನೂ ಆಗಿರಲಿಲ್ಲ. ಹಲ್ಲು ಮಾತ್ರ ಹೊಲಿಗೆ ಮಿಷನ್ನಿನಂತೆ ಓಡುತ್ತಿತ್ತು.

"ಒಂದು ಮಾತು... ಹೇಳ್ಬಾರ್ದಾಗಿತ್ತೇನೋ?"

"ನೀನೇ ಬೇಡ ಅಂದ್ಯಲ್ಲೋ..."

"ಥೂ ನಿನ್ನ! ಈಗ... ಈಗ ನಿಜವಾಗ್ಲೂ ಚಳಿ ಕಣೋ ನಂಗೆ!"

ಕಿರುಚಾಟ ಕೇಳಿ ಎಲ್ಲರೂ ತಾರಸಿ ಹತ್ತಿದರು. ಕಂಬ ಕುಳ್ಳಗೆ ಮಾಡಿದವರು ಯಾರೆಂದು ಕರೆಂಟಣ್ಣನೇ ವಿಚಾರಿಸಿದ. ಬಕೆಟ್ಟಿನ ಸಲಹೆ ತನ್ನದೇ ಎಂದು ಚಿಕ್ಕಮ್ಮ ಮೂರು ಸಲ ನೆನಪಿಸಿದರು. ಹೆಂಡತಿ ಮಾತಾಡದೆ ಸ್ಟುಡಿಯೋಗೆ ರಗ್ಗು ಹೊದಿಸಿದಳು, ಅವಳೂ ಕರೆಂಟಣ್ಣನೂ ಸೇರಿ ಅವನನ್ನು ಮೆಟ್ಟಿಲಿಳಿಸಿ ಮನೆಗೆ ಕರೆದೊಯ್ದರು.

ತಾರಸಿಯ ಮೇಲೆ ಮಾಸ್ತರು ಒಬ್ಬರೇ ಉಳಿದರು. ಅರ್ಧ ಸುಟ್ಟ ಶಾಲನ್ನು ಹಿಂಡಿ ಮಡಚಿದರು. ಆಮೇಲೆ ಕಾಯಿ ಎತ್ತಿಡಲು ಬಗ್ಗಿ, ಹಾಗೇ ನಿಂತುಬಿಟ್ಟರು. ಸ್ಟುಡಿಯೋನ ಕುದುರೆ ಅವರ ರಾಜನಿಗೆ ಚೆಕ್ ಕೊಟ್ಟಿತ್ತು. ರಾಜ ಆ ಕಡೆ ಹೋದರೆ ಆನೆ, ಈ ಕಡೆ ಹೋದರೆ ಮಂತ್ರಿ. ಎಷ್ಟು ನೋಡಿದರೂ ದಾರಿಯಿರಲಿಲ್ಲ. ಸ್ಟುಡಿಯೋ ಗೆದ್ದಿದ್ದ. ಆಟ ಶುರುವಿನಲ್ಲಿ ಅವರು ತಡಿ ಎಂದು ನಿಲ್ಲಿಸಲು ಹೋದದ್ದು ಇದೇ ಕುದುರೆಯನ್ನು. ಇಷ್ಟು ವರ್ಷ ತಾನು ತಡೆದು ಹಾಳುಮಾಡಿದ ನಡೆಗಳಲ್ಲಿ ಇಂಥವು ಎಷ್ಟಿದ್ದವೋ ಎಂದು ನೆನೆದು ಅವರ ಕಣ್ಣು ತುಂಬಿಬಂತು.

ಇದನ್ನು ಅವನಿಗೆ ಹೇಳಲೇಬೇಕು, ಈಗಲೇ ಹೇಳಬೇಕು. ಮಾಸ್ತರು ಒದ್ದೆ ಶಾಲನ್ನು ಕಂಕುಳಲ್ಲಿ ಇರುಕಿಕೊಂಡು ಓಡುನಡಿಗೆಯಲ್ಲಿ ಸ್ಟುಡಿಯೋನ ಮನೆಗೆ ಹೋಗಿ ಬಾಗಿಲು ತಟ್ಟಿದರು. ಒಳಗೆ ಸೀನಿನ ಸರಮಾಲೆ ಕೇಳಿಸುತ್ತಿತ್ತು. ಬಾಗಿಲು ಬೆರಳು ತೂರುವಷ್ಟು ತೆರೆದು, ಸ್ಟುಡಿಯೋನ ಹೆಂಡತಿಯ ಒಂದು ಕಣ್ಣು ಕಾಣಿಸಿತು. ಆ ಕಣ್ಣು ಮೊದಲು ಮಾಸ್ತರನ್ನು ನೋಡಿತು, ಆಮೇಲೆ ಶಾಲನ್ನು.

"ಅತ್ತಿಗೆ, ಅವನೇ ಗೆದ್ದಿದ್ದು! ಒಂದು ಮಾತು ಹೇಳಿ ಹೋಗ್ತೀನಿ, ಒಂದೇ ಒಂದು..." ಎಂದು ಮಾಸ್ತರು ಹೊಸ್ತಿಲಿಗೆ ಕಾಲಿಟ್ಟರು.

"ತಡೀರಿ ಮಾಸ್ತ್ರೆ," ಎಂದರು ಆಕೆ. ಕೈ ಮಾತ್ರ ಹೊರಗೆ ಚಾಚಿ ಶಾಲನ್ನು ತೆಗೆದುಕೊಂಡರು. "ಈ ಚಳಿಗಾಲ ಮುಗೀಲಿ. ಆಮೇಲೆ ನೋಡೋಣ."

ಬಾಗಿಲು ಮುಚ್ಚಿತು. ಬೀದಿಯಲ್ಲಿ ಗಾಳಿ ಎದ್ದಿತ್ತು. ಚಳಿಗಾಲ ಈಗಷ್ಟೇ ಶುರುವಾಗಿತ್ತು.