ಅಳಿಯನ ಎಣ್ಣೆಸ್ನಾನವೂ ನನ್ನ ಗೀಸರ್ ಪಾಂಡಿತ್ಯವೂ

ನಮ್ಮ ಮನೆಯ ಯಾವ ಯಂತ್ರಕ್ಕೂ ಇನ್ನು ಮುಂದೆ ಹೊರಗಿನವರ ಕೈ ತಾಗಕೂಡದು! ಈ ಭೀಷ್ಮಪ್ರತಿಜ್ಞೆಯನ್ನು ನಾನು ಮಾಡಿದ್ದು ಕಳೆದ ದೀಪಾವಳಿಯ ನಸುಕಿನಲ್ಲಿ, ಚೆನ್ನೈನ ಟಿ. ನಗರದ ನಮ್ಮ ಫ್ಲ್ಯಾಟಿನ ಬಚ್ಚಲಮನೆಯ ಬಾಗಿಲಲ್ಲಿ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ಪಂಚೆ ಹಿಡಿದುಕೊಂಡು.

ಸಂದರ್ಭವೇನು ಸಣ್ಣದಲ್ಲ. ಮಗಳು ಅಕ್ಷಯಾಳ ಮದುವೆಯಾದ ಮೇಲೆ ಬಂದ ಮೊದಲ ದೀಪಾವಳಿ. ಅಳಿಯ ಪ್ರಮೋದ ಮಣೆಯ ಮೇಲೆ ಕೂತಿದ್ದ. ನನ್ನ ಹೆಂಡತಿ ನೀರಜಾ ಆರತಿ ಎತ್ತಿ, ಅವನ ನೆತ್ತಿಗೆ ಎಳ್ಳೆಣ್ಣೆ ಇಟ್ಟಿದ್ದಳು. ಇಟ್ಟಿದ್ದಳು ಎಂದರೆ ಸಾಲದು, ಸುರಿದಿದ್ದಳು! ಎಣ್ಣೆ ಹಣೆ ದಾಟಿ, ಹುಬ್ಬು ದಾಟಿ, ಕಣ್ಣಿಗಿಳಿಯುತ್ತಿತ್ತು. ಬಿಸಿನೀರು ಹೊಯ್ಯುವುದೊಂದೇ ಬಾಕಿ.

ಮದುವೆ ಮಾತುಕತೆಯ ದಿನವೇ ಬೆಸೆಂಟ್ ನಗರದ ಬೀಗರು ವಿಷ್ಣುತೀರ್ಥರಾಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನಮಗೆ ಕೊಡೋದು ತಗೊಳೋದು ಏನೂ ಬೇಡ ಸ್ವಾಮಿ. ಹುಡುಗನಿಗೆ ತಣ್ಣೀರು ಮಾತ್ರ ಆಗಿಬರಲ್ಲ, ನೋಡ್ಕೊಳ್ಳಿ." ನಾನು ಎದೆ ತಟ್ಟಿ ಒಪ್ಪಿಕೊಂಡಿದ್ದೆ. ಕನ್ಯಾದಾನದ ಜೊತೆಗೆ ನಾನು ಕೊಟ್ಟ ಒಂದೇ ವಚನ ಬಿಸಿನೀರು!

ಹೊರಗೆ ಮಳೆ ಹೊಡೆಯುತ್ತಿತ್ತು. ನಲ್ಲಿ ತಿರುಗಿಸಿದೆ. ಕೊರೆಯುವ ತಣ್ಣೀರು ಬಂತು.

"ಗೀಸರ್ ಓಡ್ತಿಲ್ಲ ಕಣ್ರೀ," ಎಂದಳು ನೀರಜಾ. "ಒಲೆ ಮೇಲೆ ದೊಡ್ಡ ಪಾತ್ರೇಲಿ ನೀರಿಡ್ತೀನಿ, ಆಗತ್ತೆ."

"ಪಾತ್ರೇಲಾ! ಬೀಗರಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು? ವಿಮಾ ಆಫೀಸಲ್ಲಿ ಎಂಥೆಂಥ ಯಂತ್ರ ನೋಡಿದವನು ನಾನು!"

"ನೀವು ನೋಡಿದ್ದೆಲ್ಲ ಕ್ಲೇಮಿಗೆ ಬಂದ ಸುಟ್ಟ ಯಂತ್ರಗಳು. ಇದು ಇನ್ನೂ ಸುಟ್ಟಿಲ್ಲ."

"ಅಪ್ಪಾ, ಪ್ಲೀಸ್! ಎಲೆಕ್ಟ್ರೀಷಿಯನ್‌ಗೆ ಫೋನ್ ಪಣ್ಣುಂಗೋ," ಎಂದು ಅಕ್ಷಯಾ ತನ್ನ ಎಂದಿನ ಕನ್ನಡ-ತಮಿಳು ಕಲಬೆರಕೆ ಭಾಷೆಯಲ್ಲಿ ಗೋಗರೆದಳು.

ಆಗಲೇ ನಾನು ಪ್ರತಿಜ್ಞೆ ಮಾಡಿದ್ದು.

ತನಿಖೆ ಶಾಸ್ತ್ರೋಕ್ತವಾಗಿ ಶುರುವಾಯಿತು. ಲೈಟು ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ. ಅಂದಮೇಲೆ ಕರೆಂಟು ಇದೆ, ದೋಷ ಗೀಸರಿನದೇ! ಆದರೂ ಇರಲಿ ಎಂದು ಗೀಸರಿನ ಪ್ಲಗ್ ತೂತಿಗೆ ಟೆಸ್ಟರ್ ಇಟ್ಟೆ. ಅದರ ಪುಟ್ಟ ದೀಪ ಹತ್ತಲಿಲ್ಲ. ಬುದ್ಧಿವಂತನಾದವನು ಇದರಿಂದ ಏನು ತಿಳಿಯಬೇಕು? ಟೆಸ್ಟರ್ ಕೆಟ್ಟಿದೆ ಎಂದು! ಅದನ್ನು ಕಸದ ಬುಟ್ಟಿಗೆ ಎಸೆದೆ.

"ಆಕ್ಷೀ!" ಎಂದಿತು ಮಣೆ.

"ಶೀತ ಶುರುವಾಯ್ತು," ನೀರಜಾಳ ದನಿ ಗಡುಸಾಯಿತು.

"ಪರವಾಗಿಲ್ಲ ಮಾವ, ನಿಧಾನವಾಗಿ ನೋಡಿ," ಎಂದ ಪ್ರಮೋದ, ಎಣ್ಣೆಗೆ ಕಣ್ಣು ಬಿಡಲಾಗದೆ ಗೋಡೆಯ ಕಡೆ ಮುಖ ಮಾಡಿ. ಪಾಪ, ಬ್ಯಾಂಕಿನಲ್ಲಿರುವ ಹುಡುಗ, ತಾಳ್ಮೆ ಅಭ್ಯಾಸವಾಗಿದೆ.

ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ಗೀಸರಿನ ತಳದ ಮುಚ್ಚಳ ಬಿಚ್ಚಿದೆ. ಒಳಗೆ ಬಣ್ಣಬಣ್ಣದ ವೈರುಗಳು! ಒಂದೆರಡನ್ನು ಕಿತ್ತು ಊದಿದೆ. ಹೊಗೆ ಬರಲಿಲ್ಲ, ಕಿಡಿ ಹಾರಲಿಲ್ಲ. ನನ್ನ ಧೈರ್ಯ ಆಕಾಶಕ್ಕೇರಿತು. ಅಷ್ಟರಲ್ಲಿ ನಡುವೆ ಒಂದು ದಪ್ಪ ನಟ್ಟು ಕಾಣಿಸಿತು.

"ಸಿಕ್ಕಿಬಿದ್ದ ಕಳ್ಳ!" ಎಂದು ಸ್ಪ್ಯಾನರ್ ಹಾಕಿದೆ.

"ರೀ, ಅದೊಂದು ಬೇಡಾ..."

ಭೋರ್! ಗೀಸರಿನ ಹೊಟ್ಟೆಯಲ್ಲಿದ್ದ ನೀರೆಲ್ಲ ನನ್ನ ತಲೆಯ ಮೇಲೆ! ಅಳಿಯನಿಗೆ ಆಗಬೇಕಿದ್ದ ಅಭ್ಯಂಜನ ಮಾವನಿಗೆ, ಅದೂ ಪಂಚೆ ಸಮೇತ! ಖಾಲಿಯಾದ ಮೇಲಾದರೂ ನಿಲ್ಲಬೇಕಲ್ಲ? ತಾರಸಿಯ ಟ್ಯಾಂಕು ಉದಾರವಾಗಿ ಕಳಿಸುತ್ತಲೇ ಇತ್ತು. ಪ್ರಮೋದ ಕುರುಡುಗಣ್ಣಲ್ಲೇ ಎದ್ದು ಬಂದು ತೂತಿಗೆ ಹೆಬ್ಬೆರಳಿಟ್ಟ. ಎಣ್ಣೆ ಕೈ, ಜಾರಿತು. ನೀರು ನಡುಮನೆಗೆ ಹರಿದು ಹೊಸ ಬಟ್ಟೆಗಳ ಕವರನ್ನು ತೇಲಿಸತೊಡಗಿತು. ನಾನು ಮಳೆಯಲ್ಲೇ ತಾರಸಿಗೆ ಓಡಿ, ಕೈಗೆ ಸಿಕ್ಕ ವಾಲ್ವನ್ನು ಬಲವಾಗಿ ತಿರುಗಿಸಿ ಬಂದೆ.

ಕೆಳಗೆ ನೀರು ನಿಂತಿತ್ತು!

"ನೋಡಿದ್ಯಾ?" ಎಂದೆ, ತೊಟ್ಟಿಕ್ಕುತ್ತಲೇ ಮೀಸೆ ತಿರುವಿ.

"ಏನ್ ನೋಡೋದು? ಗೀಸರ್ ಪಕ್ಕದಲ್ಲೇ ಇದ್ದ ವಾಲ್ವ್ ನಾನು ಮುಚ್ಚಿದೆ," ಎಂದಳು ನೀರಜಾ.

"ಹಾಗಾದ್ರೆ ನಾನು ಮುಚ್ಚಿದ್ದು ಯಾರದ್ದು?"

ಉತ್ತರ ಮೆಟ್ಟಿಲಿಳಿದು ಬಂತು. ಮೇಲಿನ ಮನೆಯ ಸೀತಾ ಮಾಮಿ! ನೀರಜಾಳ ಜೊತೆ ಹರಟಿ ಹರಟಿ ಕನ್ನಡ ಕಲಿತ ತಂಜಾವೂರಿನ ಹೆಂಗಸು. ತಲೆಯ ತುಂಬ ಶೀಗೇಕಾಯಿ ಮೆತ್ತಿಕೊಂಡು, ಮೇಲೊಂದು ಟವಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತರು.

"ತಿರುಮಲ ಸಾರ್! ಯಾರು ನಮ್ಮ ವಾಲ್ವ್ ಮುಚ್ಚಿದ್ದು? ಅಯ್ಯೋ, ಬೆಳಗಿಂದ ಒಂದು ಫೇಸ್ ಇಲ್ಲೆ, ಬಿಲ್ಡಿಂಗಲ್ಲಿ ಯಾರ ಮನೆ ಗೀಸರೂ ಓಡಿಲ್ಲ. ಆಮೇಲೆ ಫೇಸ್ ಬಂತು, ನೀರು ಕಾದ್ತು, ತಲೆಗೆ ಹಾಕ್ಕೊಂಡೆ, ಟಕ್ ಅಂತ ನೀರು ನಿಂತೋಯ್ತು!"

ಫೇಸ್! ಮನೆಗೆ ಬರುವ ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೆ ಲೈಟು ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಗೀಸರ್ ಮಾತ್ರ ಮೌನವ್ರತ ಹಿಡಿಯುತ್ತದೆ. ಚೆನ್ನೈಯಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ನನ್ನ ಗೀಸರಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನಾನು ಮುಟ್ಟಿದ ಮೇಲೆ! ಈಗ ಇಡೀ ಬಿಲ್ಡಿಂಗಿನಲ್ಲಿ ಬಿಸಿನೀರಿಲ್ಲದ ಮನೆ ನಮ್ಮದೊಂದೇ. ನಾಚಿಕೆಯಿಂದ ಅಲ್ಲೇ ಕರಗಿ ಆ ನೀರಿನ ಜೊತೆ ಹರಿದುಹೋಗಬಾರದೇ ಅನ್ನಿಸಿತು.

ಮಾಮಿ ಒಳಗೆ ಇಣುಕಿದರು. ಎಣ್ಣೆಯಲ್ಲಿ ಮಿರುಗುತ್ತಿದ್ದ ಅಳಿಯನನ್ನೂ ಬಿಚ್ಚಿ ಹರಡಿದ್ದ ಗೀಸರನ್ನೂ ನೋಡಿ ಕೋಪ ಮರೆತು ನಕ್ಕುಬಿಟ್ಟರು. "ವಾಲ್ವ್ ತೆಗೀರಿ ಸಾರ್. ನಾನು ತಲೆ ತೊಳ್ಕೊಂಡ ಮೇಲೆ ಮಾಪಿಳ್ಳೇನ ನಮ್ಮನೇಗೆ ಕಳ್ಸಿ. ಅವರು ನಮಗೂ ಅಳಿಯ ಅಲ್ವಾ?"

ನಾನು ವಾಲ್ವ್ ತೆಗೆದು ಬಂದೆ. ಮಾಮಿಯ ತಲೆ ತೊಳೆದಾದ ಮೇಲೆ ಮೆರವಣಿಗೆ ಹೊರಟಿತು. ಮುಂದೆ ಟವಲ್ ಹೊದ್ದು ಸೀನುತ್ತ ಪ್ರಮೋದ, ಹಿಂದೆ ಶೀಗೇಕಾಯಿ ಬಟ್ಟಲು ಹಿಡಿದು ಅಕ್ಷಯಾ, ಅವಳ ಹಿಂದೆ ಆರತಿ ತಟ್ಟೆ ಹಿಡಿದು ನೀರಜಾ. ಕೊನೆಗೆ ತೊಟ್ಟಿಕ್ಕುತ್ತ ನಾನು. ಮೆಟ್ಟಿಲಲ್ಲಿ ಎದುರಾದವರೆಲ್ಲ ಹಬ್ಬದ ವಾಡಿಕೆಯಂತೆ ನನ್ನನ್ನು ನೋಡಿ, "ಗಂಗಾಸ್ನಾನಂ ಆಚ್ಚಾ?" ಎಂದರು. ಆಯಿತು ಎಂದೆ. ಒದ್ದೆ ಪಂಚೆಯೇ ಸಾಕ್ಷಿ ಹೇಳುತ್ತಿತ್ತು.

ಮಾಮಿಯ ಮನೆಯಿಂದ ಹಬೆಯಾಡುತ್ತ ಇಳಿದು ಬಂದ ಪ್ರಮೋದನಿಗೆ ಅವರಪ್ಪನ ಫೋನ್ ಬಂತು. ಹುಡುಗ ಸ್ಪೀಕರ್ ಒತ್ತಿದ.

"ಸ್ನಾನ ಆಯ್ತೇನೋ? ನೀರು ಬಿಸಿ ಇತ್ತಾ?"

"ಸುಡುಸುಡು ಇತ್ತಪ್ಪಾ. ಗೀಸರ್ ಕೈ ಕೊಟ್ಟಿತ್ತು, ಮಾವ ಒಬ್ಬರೇ ಮಳೇಲಿ ಓಡಾಡಿ ಎಲ್ಲಾ ನೋಡ್ಕೊಂಡ್ರು."

ಒಂದಕ್ಷರ ಸುಳ್ಳಿಲ್ಲ! ನನ್ನ ಕಣ್ಣು ತುಂಬಿ ಬಂತು. ಎಂಥ ಅಳಿಯ!

"ಅವರಿಗೆ ಗೀಸರ್ ರಿಪೇರೀನೂ ಬರತ್ತಾ!" ಬೀಗರ ದನಿ ಅರಳಿತು. "ನಮ್ಮದೂ ವಾರದಿಂದ ಬಿಸಿ ಆಗ್ತಿಲ್ಲ ಕಣೋ. ನಾಳೆ ಊಟಕ್ಕೆ ಬರ್ತಾರಲ್ಲ, ಸ್ವಲ್ಪ ಬಿಚ್ಚಿ ನೋಡ್ಲಿ."

ನಾನು ನೀರಜಾಳ ಮುಖ ನೋಡಿದೆ. ಅವಳು ನಡುಮನೆಯ ನೀರು ಒರೆಸುತ್ತ ತಲೆ ಎತ್ತದೆ ಹೇಳಿದಳು:

"ಧಾರಾಳವಾಗಿ ನೋಡಿ. ಅವರ ಮೇಲಿನ ಮನೆಯವರು ಒಳ್ಳೆಯವರಾ ಅಂತ ಮಾತ್ರ ಮೊದಲೇ ಕೇಳ್ಕೊಳ್ಳಿ."