ಕೇಳಬಾರದು, ಕಂಡುಹಿಡಿಯಬೇಕು

ಪ್ರಶ್ನೆ ಕೇಳಿದವರಿಗೆ ಉತ್ತರ ಹೇಳುವುದನ್ನು ನಮ್ಮ ಮನೆಯಲ್ಲಿ ನಿಷೇಧಿಸಿದ ಮಹಾಪುರುಷ ನಾನೇ. (ನಾನು ಶಾಲಾ ಮೇಷ್ಟ್ರು. ಬೇರೇನನ್ನೂ ನಿಷೇಧಿಸುವ ಅಧಿಕಾರ ನನಗೆ ಮನೆಯಲ್ಲಿಲ್ಲ.) ಸೋಮವಾರ ಹೊಸ ಹೆಡ್‌ಮೇಡಂ ಎದುರು, ಮಕ್ಕಳಿಗೆ ‘ಕುತೂಹಲ ಮತ್ತು ಸ್ವಯಂಕಲಿಕೆ’ಯ ಬಗ್ಗೆ ನಾನು ಭಾಷಣ ಮಾಡಬೇಕಿತ್ತು. ಕಾಗದ ಕೈಯಲ್ಲಿಲ್ಲದಿದ್ದರೆ ನನ್ನ ಬಾಯಿಂದ ‘ನಮಸ್ಕಾರ’ದ ಆಚೆಗೆ ಒಂದಕ್ಷರವೂ ಹೊರಡದು. ಅದಕ್ಕೇ ದಪ್ಪ ಹಾಳೆಯಲ್ಲಿ ನೀಲಿ ಶಾಯಿಯಿಂದ ಮುತ್ತು ಪೋಣಿಸಿದಂತೆ ಬರೆದಿಟ್ಟಿದ್ದೆ.

ಭಾನುವಾರ ನನ್ನಾಕೆ ಹೊಲಿಗೆ ಯಂತ್ರದ ಮುಂದೆ ಕೂತು, ಭಾಷಣಕ್ಕೆಂದೇ ನನಗೊಂದು ಬಿಳಿ ಅಂಗಿ ಹೊಲಿಯುತ್ತಿದ್ದಳು. ಅದು ಅವಳ ಬಾಳಿನ ಮೊದಲ ಕಾಲರ್.

“ರೀ, ಕಾಲರ್ ನೆಟ್ಟಗೆ ನಿಲ್ಲೋಕೆ ಒಳಗೆ ಏನಿಡ್ತಾರೆ?”

“ಕೇಳ್ಬಾರ್ದು, ಕಂಡುಹಿಡೀಬೇಕು!”

“ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ನಿನ್ನ ಕುತೂಹಲ ಸತ್ತುಹೋಗುತ್ತೆ ಕಣೇ.” (ನಿಜ ಹೇಳಬೇಕೆಂದರೆ, ನನಗೂ ಗೊತ್ತಿರಲಿಲ್ಲ.)

ಬೆಳಿಗ್ಗೆ ಅಂಗಿ ತೊಟ್ಟೆ. ಕಾಲರ್ ದಂಡನಾಯಕನಂತೆ ಸೆಟೆದು ನಿಂತಿತ್ತು. ಕತ್ತು ತಿರುಗಿಸಿದರೆ ಚರಚರ ಎನ್ನುತ್ತಿತ್ತು. ಹೊರಡೋಣವೆಂದರೆ ಭಾಷಣವೇ ಮಾಯ!

“ಲೇ, ಮೇಜಿನ ಮೇಲಿದ್ದ ನನ್ನ ಹಾಳೆ ಎಲ್ಲೇ?”

ಅವಳು ನನ್ನ ಮುಖ ನೋಡಿದಳು, ಕೊರಳು ನೋಡಿದಳು, ತುಟಿ ಕಚ್ಚಿಕೊಂಡಳು. “ಕೇಳ್ಬಾರ್ದು.”

“ಕಂಡುಹಿಡೀಬೇಕು ಅಪ್ಪಾ!” ಎಂದು ಮಗಳು ಸೂತ್ರವನ್ನು ಪೂರ್ತಿಗೊಳಿಸಿದಳು.

ಮಂಚದಡಿ ತೂರಿದೆ. ಕಸದ ಬುಟ್ಟಿ ಬೋರಲು ಹಾಕಿದೆ. ಗಂಟೆ ಹತ್ತಾಯಿತು. ಬರಿಗೈಯಲ್ಲೇ ಓಡಿದೆ.

ವೇದಿಕೆ ಹತ್ತಿ “ನಮಸ್ಕಾರ” ಎಂದೆ. ಮುಂದಿನ ಅಕ್ಷರಕ್ಕಾಗಿ ಖಾಲಿ ಅಂಗೈ ನೋಡಿಕೊಂಡೆ. ಹೆಡ್‌ಮೇಡಂ ಕನ್ನಡಕ ಸರಿಪಡಿಸಿಕೊಂಡರು. ಹಣೆಯ ಬೆವರು ಕೆನ್ನೆಗೆ, ಕೆನ್ನೆಯದು ಕೊರಳಿಗೆ ಧಾರೆಯಾಗಿ ಇಳಿಯಿತು.

ಆಗ ಮೊದಲ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು, ಕಣ್ಣರಳಿಸಿ, ನನ್ನ ಹತ್ತಿರಕ್ಕೇ ಬಂದಳು.

“ಸಾರ್, ನಿಮ್ಮ ಕಾಲರ್‌ನಲ್ಲಿ ಅಕ್ಷರ ಕಾಣ್ತಿದೆ! ಓದ್ಲಾ?”

ಒದ್ದೆ ಬಟ್ಟೆಯ ಮೇಲೆ ನೀಲಿ ಶಾಯಿ ನಿಧಾನವಾಗಿ ಅರಳುತ್ತಿತ್ತು.

“‘ಮುದ್ದು ಮಕ್ಕಳೇ, ಕಣ್ಣೆದುರೇ ಇರುವುದನ್ನು ಕಾಣಲು...’ ಸಾರ್, ಸ್ವಲ್ಪ ತಿರುಗಿ.”

ತಿರುಗಿದೆ. ಬೇರೆ ದಾರಿಯಿರಲಿಲ್ಲ.

“‘ಕುತೂಹಲವೊಂದಿದ್ದರೆ ಸಾಕು. ಯಾರನ್ನೂ ಕೇಳದೆ ನೀವೇ...’ ಆಮೇಲೆ ಹೊಲಿಗೆ ಬಂದಿದೆ ಸಾರ್.”

ಸಭಾಂಗಣ ಬಿದ್ದುಬಿದ್ದು ನಕ್ಕಿತು. ಹೆಡ್‌ಮೇಡಂ ಕಣ್ಣೊರೆಸಿಕೊಳ್ಳುತ್ತಾ ಬಂದು ಹುಡುಗಿಯ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, “ಸ್ವಯಂಕಲಿಕೆ ಅಂದ್ರೆ ಇದು ಮೇಷ್ಟ್ರೇ! ಅಂದಹಾಗೆ, ಈ ಅಂಗಿ ಹೊಲಿದವರು ಯಾರು? ಮುಂದಿನ ತಿಂಗಳ ಭಾಷಣಕ್ಕೆ ಅವರನ್ನೇ ಕರೆಯೋಣ” ಎಂದರು.